ಕೊಡೆ ಕೂತಿದ್ದ ಕುರ್ಚಿ

ಕಾವೂರಿನ ದುಗ್ಗಪ್ಪ ಪೂಜಾರಿಯವರು ಒಂಬತ್ತು ವರ್ಷ ಕೈಯಲ್ಲಿ ಕತ್ತಿ ಹಿಡಿದು ನಿಂತವರು. ಹೆದರಬೇಕಾಗಿಲ್ಲ, ಆ ಕತ್ತಿ ಒಂದು ಸೌತೆಕಾಯಿಯನ್ನೂ ಕತ್ತರಿಸಿದ್ದಿಲ್ಲ. ಬಲ್ಮಠದ ಒಂದು ಓಣಿಯಲ್ಲಿ ಫ್ರೀಮೇಸನ್ನರು ಎಂಬ ಹಳೆಯ ಗುಟ್ಟಿನ ಸಂಘದ ಲಾಡ್ಜ್, ಅಂದರೆ ಸಭಾಮನೆ, ಇದೆ. ತಿಂಗಳ ಎರಡನೇ ಶನಿವಾರ ಸಂಜೆ ಸದಸ್ಯರು ಬಿಳಿ ಏಪ್ರನ್ ಕಟ್ಟಿಕೊಂಡು ಒಳಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ಹೊರಗೆ ಒಬ್ಬ ಸದಸ್ಯ ಕತ್ತಿ ಹಿಡಿದು ಕಾಯಬೇಕು, ಯಾರಾದರೂ ಬಂದರೆ ಬಾಗಿಲು ತಟ್ಟಿ ಒಳಗೆ ತಿಳಿಸಬೇಕು. ಆ ಕೆಲಸ ದುಗ್ಗಪ್ಪನವರದು.

ಒಳಗೆ ಏನು ನಡೆಯುತ್ತದೆ ಎಂದು ಹೆಂಡತಿ ಅಮ್ಮಣಿ ಕೇಳಿ ಕೇಳಿ ಸೋತಿದ್ದರು.

"ನಾನು ಹೊರಗೆ ಇರುವುದಲ್ವಾ ಮಾರಾಯ್ತಿ, ನನಗೆಂತ ಗೊತ್ತು?" ಎನ್ನುತ್ತಿದ್ದರು ದುಗ್ಗಪ್ಪ.

"ಹಾಗಾದ್ರೆ ಒಂಬತ್ತು ವರ್ಷದಿಂದ ಎಂತ ಕಾಯ್ತಾ ಇದ್ದೀರಿ?"

ಈ ಪ್ರಶ್ನೆಗೆ ಅವರಲ್ಲಿ ಉತ್ತರ ಇತ್ತು. ಹೇಳಲು ನಾಚಿಕೆಯಾಗುತ್ತಿತ್ತು, ಅಷ್ಟೆ.

ದುಗ್ಗಪ್ಪನವರ ಅಪ್ಪ ಊರಿನ ಶೆಟ್ಟರೊಬ್ಬರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು. ಮುಂದೆ ಉಳುವವನೇ ಒಡೆಯ ಎಂಬ ಕಾನೂನು ಬಂದು ಗದ್ದೆ ಅಪ್ಪನದೇ ಆಯಿತು. ಆದರೆ ಶೆಟ್ಟರ ಅಂಗಳದಲ್ಲಿ ಕೈಕಟ್ಟಿ ನಿಲ್ಲುವ ಅಭ್ಯಾಸವನ್ನು ಯಾವ ಟ್ರಿಬ್ಯೂನಲ್ಲೂ ಬಿಡಿಸಲಿಲ್ಲ. ಸಾಯುವ ತನಕ ಅಪ್ಪ ಧನಿಗಳಾದ ಶೆಟ್ಟರ ಎದುರು ಕೂರಲಿಲ್ಲ, ಮಗನನ್ನೂ ಕೂರಗೊಡಲಿಲ್ಲ. ದುಗ್ಗಪ್ಪ ಮಸ್ಕತ್‌ಗೆ ಹೋಗಿ ಇಪ್ಪತ್ತೆರಡು ವರ್ಷ ಶಾಲಾ ಬಸ್ಸು ಓಡಿಸಿದರು. ಅಲ್ಲಿ ಅರಬಿ ಸಾಹುಕಾರರ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಖರ್ಜೂರ ತಿಂದವರೇ. ಊರಿಗೆ ರಜೆಯಲ್ಲಿ ಬಂದಾಗ ಮಾತ್ರ, ಶೆಟ್ಟರ ಮಗ ಚಿತ್ತರಂಜನರನ್ನು ಕಂಡ ತಕ್ಷಣ ಅವರ ಮೊಣಕಾಲು ತಾನಾಗಿ ನೆಟ್ಟಗಾಗುತ್ತಿತ್ತು. ಚಿತ್ತರಂಜನ ಶೆಟ್ಟರು ಅಷ್ಟರಲ್ಲಿ ಗದ್ದೆಯ ಗೊಡವೆ ಬಿಟ್ಟು ಬಲ್ಮಠದಲ್ಲಿ ಹೋಟೆಲ್ ಇಟ್ಟಿದ್ದರು. ಒಳ್ಳೆಯ ಮನುಷ್ಯ. ಕೂರು ಎಂದು ನೂರು ಸಲ ಹೇಳಿದ್ದರು. "ಪರವಾಗಿಲ್ಲ ಧನಿ," ಎನ್ನುತ್ತಾ ದುಗ್ಗಪ್ಪ ನಿಂತೇ ಇರುತ್ತಿದ್ದರು.

ಮಸ್ಕತ್ ಬಿಟ್ಟು ಬಂದ ಮೇಲೆ ಹೊತ್ತು ಹೋಗದೆ ಒದ್ದಾಡುತ್ತಿದ್ದವರನ್ನು ಲಾಡ್ಜಿಗೆ ಸೇರಿಸಿದ್ದು ನೆರೆಮನೆಯ ನಿತ್ಯಾನಂದ. ಹಲ್ಲಿನ ಸೆಟ್ಟು ಮಾಡುವ ಕಸುಬಿನವರು. "ಅಲ್ಲಿ ಜಾತಿ ಇಲ್ಲ, ದೊಡ್ಡವ ಸಣ್ಣವ ಇಲ್ಲ, ಎಲ್ಲರೂ ಬ್ರದರ್," ಎಂದಿದ್ದರು. ಆ ಬ್ರದರುಗಳಲ್ಲಿ ಯಾರು ಯಾರು ಇದ್ದಾರೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಸೇರುವ ದಿನ ದುಗ್ಗಪ್ಪನವರ ಕಣ್ಣಿಗೆ ಬಟ್ಟೆ ಕಟ್ಟಿ ಒಳಗೆ ಕರೆದೊಯ್ದರು. ಬಿಚ್ಚಿದಾಗ ಎದುರಿಗೆ ಕಂಡದ್ದು ಏಪ್ರನ್ ಕಟ್ಟಿಕೊಂಡು ಗಂಭೀರವಾಗಿ ನಿಂತ ಚಿತ್ತರಂಜನ ಶೆಟ್ಟರು.

"ಅಯ್ಯೋ ಧನಿ, ಅಡಿಗೆಯವರು ಬರ್ಲಿಲ್ವಾ ಇವತ್ತು?" ಎಂದುಬಿಟ್ಟರು ದುಗ್ಗಪ್ಪ.

ಆ ಸಭಾಂಗಣದ ಗಾಂಭೀರ್ಯ ಸರಿಯಾಗಲು ಐದು ನಿಮಿಷ ಬೇಕಾಯಿತಂತೆ.

ತೊಂದರೆ ಶುರುವಾದದ್ದು ಆಮೇಲೆ. ಒಳಗೆ ಎಲ್ಲರೂ ಕೂರಬೇಕು, ಶೆಟ್ಟರೂ ಅಲ್ಲೇ ಎದುರಿಗೆ ಕೂತಿರುತ್ತಾರೆ. ದುಗ್ಗಪ್ಪ ಗೋಡೆಗೆ ಒರಗಿ ನಿಂತರು. ಕೇಳಿದವರಿಗೆ ಸೊಂಟನೋವು ಎಂದರು. ಮುಂದಿನ ತಿಂಗಳು ಇಬ್ಬರು ಬ್ರದರುಗಳು ಎಣ್ಣೆ ತಂದುಕೊಟ್ಟರು, ಮೂಳೆ ಡಾಕ್ಟರಾಗಿದ್ದ ಮತ್ತೊಬ್ಬರು ಎಕ್ಸ್‌ರೇ ತೆಗೆಸಲು ಹೊರಟರು. ಇನ್ನು ಉಳಿಗಾಲವಿಲ್ಲ ಎನ್ನುವಷ್ಟರಲ್ಲಿ ಬಾಗಿಲು ಕಾಯುತ್ತಿದ್ದ ಹಿರಿಯರು ನಿವೃತ್ತರಾದರು. ದುಗ್ಗಪ್ಪ ಓಡಿಹೋಗಿ ಕತ್ತಿ ಹಿಡಿದರು. ಧನಿಗಳು ಒಳಗೆ, ತಾನು ಹೊರಗೆ. ಬಾಗಿಲ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿಯೇನೋ ಇತ್ತು. ಧನಿಗಳು ಯಾವ ಗಳಿಗೆಯಲ್ಲಿ ಹೊರಗೆ ಬರುತ್ತಾರೋ ಎಂದು ಅದರ ಮೇಲೆ ತಮ್ಮ ಕೊಡೆಯನ್ನು ಕೂರಿಸಿ ಅವರು ನಿಂತೇ ಇದ್ದರು.

ಬೇರೆ ಲಾಡ್ಜುಗಳಿಂದ ಬಂದ ಅತಿಥಿಗಳು ಇದನ್ನು ಗಮನಿಸಿದರು. "ಇಲ್ಲಿ ಬಾಗಿಲಿನವರು ಕೂರುವ ಕ್ರಮ ಇಲ್ವಾ?" ಎಂದು ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು, "ಹಳೇ ಕ್ರಮ ಇರಬೇಕು," ಎಂದರು. ಎರಡು ವರ್ಷದಲ್ಲಿ ಅದು ಬ್ರಿಟಿಷರ ಕಾಲದ ಕ್ರಮವಾಯಿತು. ಐದನೇ ವರ್ಷದಲ್ಲಿ ಒಬ್ಬರು ಅದರ ಬಗ್ಗೆ ಒಂದು ಭಾಷಣವನ್ನೇ ಮಾಡಿದರು, ಕುರ್ಚಿಯ ಮೇಲಿನ ಕೊಡೆ ರಕ್ಷಣೆಯ ಸಂಕೇತವಂತೆ. ಕತ್ತಿ ಹಿಡಿದು ಹೊರಗೆ ನಿಂತಿದ್ದ ದುಗ್ಗಪ್ಪನವರಿಗೆ ಎಲ್ಲವೂ ಕೇಳಿಸಿತು. ಅವರು ಕೊಡೆಯನ್ನು ಇನ್ನೊಂದಿಷ್ಟು ನೆಟ್ಟಗೆ ಕೂರಿಸಿದರು.

ಬಾಗಿಲ ಹೊರಗಿನವರಾದರೂ ಲಾಡ್ಜಿನ ಸೇವೆಯ ಕೆಲಸದಲ್ಲಿ ಅವರಿಲ್ಲದೆ ಕಡ್ಡಿಯೂ ಅಲುಗಾಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ಉಳ್ಳಾಲದಲ್ಲಿ ಕಣ್ಣಿನ ಶಿಬಿರ. ಮುದುಕ ಮುದುಕಿಯರನ್ನು ಮನೆಯಿಂದ ವ್ಯಾನಿನಲ್ಲಿ ಕರೆತಂದು, ಆಪರೇಶನ್ ಮಾಡಿಸಿ, ಪಟ್ಟಿ ಬಿಚ್ಚಿಸಿ, ಮನೆಗೆ ಮುಟ್ಟಿಸುವವರು ಇವರೇ. ಕಳೆದ ವರ್ಷ ಹಂಚಿನ ಕಾರ್ಖಾನೆಯಲ್ಲಿ ದುಡಿದಿದ್ದ ಎಸ್ತೆರಮ್ಮ ಎಂಬ ಮುದುಕಿ ಹೆದರಿ ಇವರ ಕೈಯನ್ನು ಬಿಗಿಯಾಗಿ ಹಿಡಿದು ಬೆಂಚಿನಲ್ಲಿ ಕೂರಿಸಿಕೊಂಡಳು. ಅದೇ ಹೊತ್ತಿಗೆ ಚಿತ್ತರಂಜನ ಶೆಟ್ಟರು ಬಂದರು. ದುಗ್ಗಪ್ಪ ಏಳಲು ನೋಡಿದರು. ಎಸ್ತೆರಮ್ಮನ ಕೈ ಹಂಚಿನ ಮಣ್ಣು ಕಲಸಿ ಗಟ್ಟಿಯಾದದ್ದು, ಜಪ್ಪಯ್ಯ ಅಂದರೂ ಬಿಡಲಿಲ್ಲ. ಅರ್ಧ ಎದ್ದು ಅರ್ಧ ಕೂತು ಬೆವರುತ್ತಿದ್ದ ದುಗ್ಗಪ್ಪನವರನ್ನು ಶೆಟ್ಟರು ಒಂದು ಗಳಿಗೆ ನೋಡಿ ಹೊರಟುಹೋದರು. ಪಟ್ಟಿ ಬಿಚ್ಚಿದ ದಿನ ಎಸ್ತೆರಮ್ಮ ಇವರ ಮುಖವನ್ನು ಚೆನ್ನಾಗಿ ನೋಡಿ, "ನೀನೇಯಾ? ಸ್ವರ ಕೇಳಿ ಇನ್ನೂ ಸ್ವಲ್ಪ ಚೆಂದ ಇರ್ಬಹುದು ಅಂತ ಎಣಿಸಿದ್ದೆ," ಎಂದಳು.

ಆ ಶಿಬಿರವಾದ ಮೇಲೆ ಲಾಡ್ಜಿನವರು ದುಗ್ಗಪ್ಪನವರನ್ನು ಮುಂದಿನ ವರ್ಷದ ಮಾಸ್ಟರ್ ಆಗಿ ಆರಿಸಿಬಿಟ್ಟರು. ಮಾಸ್ಟರ್ ಎಂದರೆ ಲಾಡ್ಜಿಗೇ ಯಜಮಾನ. ಆರಿಸಿದ್ದು ಒಮ್ಮತದಿಂದ, ಹೆಸರು ಎತ್ತಿದ್ದು ಆ ವರ್ಷದ ಮಾಸ್ಟರ್ ಚಿತ್ತರಂಜನ ಶೆಟ್ಟರು. ಹಳೆಯ ಮಾಸ್ಟರ್ ಹೊಸಬರ ಕೈಹಿಡಿದು ದೊಡ್ಡ ಕುರ್ಚಿಯಲ್ಲಿ ಕೂರಿಸುವುದು ಕ್ರಮ. ಕೂತರೆ ಮಾಸ್ಟರ್, ಕೂರದಿದ್ದರೆ ಇಲ್ಲ.

ದುಗ್ಗಪ್ಪನವರ ನಿದ್ದೆ ಹಾರಿತು. ಬೇಡ ಎಂದರೆ ಲಾಡ್ಜಿನ ಪ್ರೀತಿಗೆ ಅವಮಾನ. ಹೂಂ ಎಂದು ಅಲ್ಲಿ ಹೋಗಿ ಕೂರಲಾಗದೆ ನಿಂತರೆ ಮಾನ ಮೂರುಕಾಸಿಗೆ ಹೋಗುತ್ತದೆ. ಕೊನೆಗೆ ಅಮ್ಮಣಿಯಲ್ಲಿ ಬಾಯಿಬಿಟ್ಟರು.

ಅಮ್ಮಣಿ ನಗಲಿಲ್ಲ. ಎದ್ದು ಹೋಗಿ ಶೆಟ್ಟರ ಹೋಟೆಲಿನ ಕ್ಯಾಲೆಂಡರ್ ತಂದರು. ಅದರಲ್ಲಿ ಶೆಟ್ಟರ ನಗುಮುಖದ ದೊಡ್ಡ ಫೋಟೋ ಇತ್ತು. ಎದುರು ಗೋಡೆಗೆ ತೂಗುಹಾಕಿ, "ಹಾಂ, ಕೂತ್ಕೊಳ್ಳಿ," ಎಂದರು. ದುಗ್ಗಪ್ಪ ಕೂತರು. ಮೂರನೇ ಸೆಕೆಂಡಿಗೆ ಎದ್ದರು.

"ಕಾಗದಕ್ಕೂ ಹೆದರುದಾ?"

"ಹೆದರಿಕೆ ಅಲ್ಲ ಅಮ್ಮಣಿ. ಅಪ್ಪ ಬೆನ್ನ ಹಿಂದೆ ನಿಂತ ಹಾಗೆ ಆಗ್ತದೆ."

ಅಮ್ಮಣಿಯವರ ಕಣ್ಣು ತುಂಬಿತು, ಆದರೂ ಹಟ ಬಿಡಲಿಲ್ಲ. ದಿನಾ ಬೆಳಿಗ್ಗೆ ಕ್ಯಾಲೆಂಡರಿನ ಎದುರು ಪ್ರಾಕ್ಟೀಸು ನಡೆಯಿತು. ತಿಂಗಳ ಕೊನೆಗೆ ದುಗ್ಗಪ್ಪ ಒಂದು ಲೋಟ ಚಾ ಮುಗಿಯುವಷ್ಟು ಹೊತ್ತು ಕೂರುವ ಮಟ್ಟಕ್ಕೆ ಬಂದರು. ಚಾ ಮಾತ್ರ ಬಾಯಿ ಸುಡುವ ಬಿಸಿಯಲ್ಲೇ ಕುಡಿಯುತ್ತಿದ್ದರು.

ಜನವರಿಯ ಎರಡನೇ ಶನಿವಾರ ಬಂತು. ಬಾಗಿಲು ಕಾಯಲು ಈಗ ನಿತ್ಯಾನಂದ. ದುಗ್ಗಪ್ಪ ಅವರಿಗೆ ಕತ್ತಿ ಕೊಟ್ಟು, ಕೊಡೆಯನ್ನು ಎಂದಿನಂತೆ ಕುರ್ಚಿಯ ಮೇಲಿಟ್ಟು ಒಳಗೆ ಹೋದರು. ಅಲ್ಲಿನ ಮಾತುಗಳು ಅಲ್ಲಿನವರಿಗೇ ಇರಲಿ, ಕುರ್ಚಿಯ ಸಂಗತಿ ಮಾತ್ರ ಗುಟ್ಟಲ್ಲ. ಶೆಟ್ಟರು ಬಂದು ಅವರ ಕೈ ಹಿಡಿದರು. ಮೆಟ್ಟಿಲು ಹತ್ತಿಸಿದರು. ಕುರ್ಚಿಯ ಮುಂದೆ ದುಗ್ಗಪ್ಪನವರ ಮೊಣಕಾಲು ಕಂಬದ ಹಾಗೆ ನಿಂತುಬಿಟ್ಟಿತು. ನಲವತ್ತು ಜನ ನೋಡುತ್ತಿದ್ದಾರೆ. ಆಗ ಶೆಟ್ಟರು ಹಿಡಿತವನ್ನು ಬಿಗಿ ಮಾಡಿ ಕಿವಿಯ ಹತ್ತಿರ ಬಗ್ಗಿದರು.

"ಎಸ್ತೆರಮ್ಮ ಬಿಟ್ಟಿದ್ರಾ ಆವತ್ತು? ನಾನೂ ಬಿಡುದಿಲ್ಲ."

ದುಗ್ಗಪ್ಪ ಕೂತರು. ಏಳಲು ನೋಡಿದರು, ಕೈ ಬಿಡಲಿಲ್ಲ. ಮತ್ತೆ ಕೂತರು. ಚಪ್ಪಾಳೆ ಬಿತ್ತು.

ಅಷ್ಟರಲ್ಲಿ ಬಾಗಿಲ ಮೇಲೆ ಅಡ್ಡಾದಿಡ್ಡಿ ಬಡಿತ ಕೇಳಿಸಿತು. ಬಾಗಿಲನ್ನು ಒಳಗಿನಿಂದ ಕಾಯುವ ಒಳಬಾಗಿಲಿನವರು ಹೋಗಿ ನೋಡಿದರೆ ನಿತ್ಯಾನಂದರು ತಲೆ ತಿರುಗಿ ಗೋಡೆ ಹಿಡಿದಿದ್ದರು. ಶುಗರಿನ ಮನುಷ್ಯ, ಒಂದೂವರೆ ಗಂಟೆ ನಿಂತೇ ಇದ್ದರಂತೆ. "ಕ್ರಮ ಮುರಿಯುದು ಹೇಗೆ?" ಎಂದರಂತೆ. ಅವರನ್ನು ಒಳಗೆ ಕರೆದು ಸಕ್ಕರೆ ನೀರು ಕೊಟ್ಟರು. ಚಿತ್ತರಂಜನ ಶೆಟ್ಟರು ಕತ್ತಿ ಎತ್ತಿಕೊಂಡು, "ನನ್ನ ಕೆಲಸ ಮುಗೀತಲ್ಲ, ನಾನು ನಿಲ್ತೇನೆ," ಎಂದು ಹೊರಗೆ ಹೋಗಿ ಬಾಗಿಲೆಳೆದುಕೊಂಡರು.

ದೊಡ್ಡ ಕುರ್ಚಿಯಲ್ಲಿ ಕೂತ ದುಗ್ಗಪ್ಪನವರಿಗೆ ಮುಳ್ಳಿನ ಮೇಲೆ ಕೂತ ಹಾಗಾಯಿತು. ಧನಿಗಳ ಮೊಣಕಾಲಿಗೆ ದೀಪಾವಳಿಯ ಹೊತ್ತಿಗಷ್ಟೇ ಆಪರೇಶನ್ ಆಗಿತ್ತು. ತನ್ನ ಸುಳ್ಳೊಂದು ಕ್ರಮವಾಗಿ ಬೆಳೆದು ಈಗ ಅವರನ್ನು ನಿಲ್ಲಿಸಿದೆ. ಎದ್ದು ಓಡಲು ಹೊರಟರು. ಮಾಸ್ಟರ್ ಹಾಗೆ ಏಳುವಂತಿಲ್ಲ ಎಂದು ಪಕ್ಕದವರು ಕೋಟು ಹಿಡಿದು ಎಳೆದರು. ಕೂತಲ್ಲೇ ಏನಾದರೂ ಮಾಡಬೇಕು.

"ಬ್ರದರುಗಳೇ," ಎಂದರು ದುಗ್ಗಪ್ಪ. "ಹೊರಗೆ ನಿಲ್ಲಬೇಕು ಅಂತ ಕ್ರಮ ಎಂತದೂ ಇಲ್ಲ. ಬ್ರಿಟಿಷರದ್ದೂ ಅಲ್ಲ. ನನ್ನ ಅಪ್ಪ ಧನಿಗಳ ಅಪ್ಪನ ಎದುರು ಕೂರ್ತಿರ್ಲಿಲ್ಲ, ಹಾಗೆ ನಾನೂ ಧನಿಗಳ ಎದುರು ಕೂರ್ಲಿಲ್ಲ. ನನಗೆ ಸೊಂಟನೋವು ಸಹ ಇಲ್ಲ."

ಮೂಳೆ ಡಾಕ್ಟರು, "ನನಗೆ ಆವತ್ತೇ ಡೌಟು," ಎಂದು ಗೊಣಗಿದರು. ದುಗ್ಗಪ್ಪ ಒಳಬಾಗಿಲಿನವರ ಕಡೆ ತಿರುಗಿದರು.

"ಹೊರಗೆ ಹೋಗಿ ಹೇಳಿ. ಬ್ರದರ್ ಚಿತ್ತರಂಜನ ಕೂತುಕೊಳ್ಳಬೇಕು. ಮಾಸ್ಟರ್ ಹೇಳಿದ್ದಾರೆ ಅಂತ ಹೇಳಿ."

ಹೋದವರು ಒಂದು ನಿಮಿಷ ಬಿಟ್ಟು ಬಂದರು. "ಕುರ್ಚಿಯಲ್ಲಿ ಮೊದಲೇ ಒಂದು ಕೊಡೆ ಕೂತಿದೆಯಂತೆ. ಅದನ್ನು ಏಳಿಸಬಹುದಾ ಅಂತ ಬ್ರದರ್ ಕೇಳ್ತಿದ್ದಾರೆ."

ಲಾಡ್ಜ್ ನಕ್ಕ ನಗು ಓಣಿಯ ತುದಿಗೆ ಕೇಳಿಸಿತಂತೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಬಾಗಿಲ ಹೊರಗಿದ್ದರು.

ಮನೆಗೆ ಬಂದಾಗ ಅಮ್ಮಣಿ ಜಗಲಿಯಲ್ಲೇ ಕಾಯುತ್ತಿದ್ದರು.

"ಕೂತ್ರಾ?"

"ಕೂತೆ," ಎಂದರು ದುಗ್ಗಪ್ಪ. "ಅವರನ್ನೂ ಕೂರಿಸಿ ಬಂದೆ."