ಅನುಪ್ರಾಸಕ್ಕೆ ಒಂದು ಉದಾಹರಣೆ

ಹೋದ ವಾರ ಬೈರಿದೇವರಕೊಪ್ಪದ ದಂತವೈದ್ಯರೊಬ್ಬರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ. ಡಾಕ್ಟರು ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಹುಳುಕು ಹಲ್ಲಿನೊಳಗೆ ಒತ್ತಿದರು. ನೋವು ಇಳಿಯುವ ಮೊದಲೇ ವಾಸನೆ ಮೂಗಿಗೇರಿತು. ಅದರ ಹಿಂದೆಯೇ ನಮ್ಮ ಕನ್ನಡದ ಅಕ್ಕಾರು ಬಂದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕಾರು ಎನ್ನುತ್ತೇವೆ. ಅವರ ದವಡೆಯಲ್ಲಿ ಸದಾ ಒಂದು ಲವಂಗ ಇರುತ್ತಿತ್ತು. ಹಲ್ಲುನೋವಿಗೋ, ಬರಿಯ ಚಟಕ್ಕೋ... ಅಥವಾ ಇರುತ್ತಲೇ ಇರಲಿಲ್ಲವೋ. ಆ ಕುರ್ಚಿಯಲ್ಲಿ ಮಲಗಿದಾಗ ನಾನೇ ಅದನ್ನು ಅವರ ಬಾಯಿಗೆ ಇಟ್ಟಿರಬಹುದು.

ನಾನು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿದವನು. ನೆನಪು ಎಂಬುದು ಎಲ್ಲೋ ಇಟ್ಟದ್ದನ್ನು ತೆಗೆದು ನೋಡುವುದಲ್ಲ, ಪ್ರತಿ ಸಲ ಹೊಸದಾಗಿ ಕಟ್ಟುವುದು ಎಂದು ಅಲ್ಲಿ ಕಲಿಸಿದರು. ಅಂದಿನಿಂದ ನನ್ನ ಬಾಲ್ಯವನ್ನು ನಾನು ಪೂರ್ತಿ ನಂಬಿಲ್ಲ. ಹೀಗಾಗಿ ಲವಂಗವನ್ನು ಬಿಟ್ಟುಬಿಡೋಣ. ಅಲಂಕಾರದ ಪಾಠ ಮಾತ್ರ ನಡೆದದ್ದು ಹೌದು.

ಧಾರವಾಡದ ಹೈಸ್ಕೂಲಿನಲ್ಲಿ ಅಕ್ಕಾರು ಅಲಂಕಾರಗಳನ್ನು ಪುಸ್ತಕದಿಂದ ಕಲಿಸುತ್ತಿರಲಿಲ್ಲ. "ಪುಸ್ತಕದಾಗಿನ ಚಂದ್ರ, ಕಮಲ ಪರೀಕ್ಷಾದಾಗ ಬರ್ಯಾಕ. ತಿಳ್ಕೊಳ್ಳಾಕ ಬೇಕಾದ್ದು ಇಲ್ಲೇ ಬೆಂಚಿನ ಮ್ಯಾಲೆ ಕುಂತೈತಿ" ಎನ್ನುತ್ತಿದ್ದರು. ಉಪಮೆಯ ದಿನ ಕೊನೆಯ ಬೆಂಚಿನ ಉದ್ದನೆಯ ಹುಡುಗನನ್ನು ಕರೆದು ಕರಿಹಲಗೆಯ ಪಕ್ಕ ನಿಲ್ಲಿಸಿದರು.

"ಯಾರ ಬಗ್ಗೆ ಹೇಳಾಕತ್ತೇವಿ? ಇಂವನ ಬಗ್ಗೆ. ಅಂದ್ರ ಇಂವ ಉಪಮೇಯ. ಯಾತಕ್ಕ ಹೋಲಿಸ್ತೀರಿ?"

"ಬಿದರಿನ ಗಳಕ್ಕ್ರೀ ಅಕ್ಕಾರ!"

"ಅದು ಉಪಮಾನ. ಇಬ್ಬರೊಳಗೂ ಇರೂ ಗುಣ ಯಾವುದು? ಅದ ಸಮಾನಧರ್ಮ."

"ಉದ್ದ ಅದಾವ್ರಿ."

"ಅಷ್ಟ ಅಲ್ಲ. ಎರಡೂ ಒಳಗ ಪೊಳ್ಳು."

ಇಡೀ ತರಗತಿ ನಕ್ಕಿತು. ಮರುದಿನ ಅದೇ ಹುಡುಗನನ್ನು ಮತ್ತೆ ಎಬ್ಬಿಸಿ ರೂಪಕ ಹೇಳಿದರು. "ಗಳದಂಗ ಅದಾನ ಅಂದ್ರ ಇನ್ನೂ ಮನಿಶ್ಯಾ ಅದಾನ, ಗಳಾ ಬ್ಯಾರೆ ಐತಿ. ಇಂವನ ಗಳಾ ಅಂದ್ರ ಮುಗೀತು. ನಡುವ ಏನೂ ಉಳಿಯೂದಿಲ್ಲ. ಅದು ರೂಪಕ." ಇಷ್ಟು ಸ್ಪಷ್ಟವಾಗಿ ಉಪಮೆ-ರೂಪಕಗಳ ಭೇದವನ್ನು ಆಮೇಲೆ ಯಾರೂ ನನಗೆ ಹೇಳಲಿಲ್ಲ. ಹುಡುಗನ ಮುಖ ಹೇಗಿತ್ತು ಎಂಬುದು ನೆನಪಿಲ್ಲ. ನಾನೂ ನಗುತ್ತಿದ್ದೆನಲ್ಲ, ನೋಡಿರಲಿಕ್ಕಿಲ್ಲ.

ಅನುಪ್ರಾಸಕ್ಕೆ ನನ್ನ ಸರದಿ ಬಂತು. ನಾನು ಉಗ್ಗುತ್ತಿದ್ದೆ. ಈಗಲೂ ಉಗ್ಗುತ್ತೇನೆ, 'ಕ' ಬಂದರೆ ಹೆಚ್ಚು. ಅಕ್ಕಾರು ತಾವೇ ಕಟ್ಟಿದ ಒಂದು ಸಾಲನ್ನು ಹಲಗೆಯ ಮೇಲೆ ಬರೆದರು: ಕೆರೆಯ ಕೆಸರಿನಲಿ ಕೆಂಪು ಕಮಲವ ಕಂಡೆ. ಓದು ಎಂದು ನನ್ನನ್ನು ನಿಲ್ಲಿಸಿದರು. "ಕೆ... ಕೆ... ಕೆ..." ಎನ್ನುತ್ತ ನಿಂತೆ. ಕೆರೆಯನ್ನು ದಾಟಲಾಗಲಿಲ್ಲ. ಅಕ್ಕಾರು ಅವಸರ ಮಾಡಲಿಲ್ಲ. ಸಾಕಷ್ಟು ಹೊತ್ತು ಬಿಟ್ಟು ತರಗತಿಯ ಕಡೆ ತಿರುಗಿದರು.

"ಒಂದ ಅಕ್ಷರ ಮ್ಯಾಲಿಂದ ಮ್ಯಾಲೆ ಬಂದ್ರ ಅನುಪ್ರಾಸ. ಕವಿಗೋಳು ಹುಡುಕ್ಯಾಡಿ ತರ್ತಾರ. ಇಂವಗ ನೋಡ್ರಿ, ದೇವರ ಕೊಟ್ಟು ಕಳಿಸ್ಯಾನ."

ಹತ್ತನೆಯ ತರಗತಿ ಮುಗಿಯುವವರೆಗೂ ನನಗೆ ಬೇರೆ ಹೆಸರಿರಲಿಲ್ಲ. "ಏ ಅನುಪ್ರಾಸಾ, ಬಾಲ್ ಒಗಿಯಲೇ!" ಮಾತಾಡುವುದನ್ನೇ ಕಡಿಮೆ ಮಾಡಿದೆ. ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ಕೇಳುತ್ತಿದ್ದೆ.

ಆದರೆ ಈ ಚಿತ್ರದಲ್ಲಿ ಒಂದು ದೋಷವಿದೆ. ನೆನಪಿನಲ್ಲಿ ಹಲಗೆಯ ಮುಂದೆ ನಿಂತ ನನ್ನ ಬೆನ್ನು ನನಗೇ ಕಾಣುತ್ತದೆ. ಅಂಗಿ ಬೆವರಿಗೆ ಅಂಟಿಕೊಂಡಿದೆ. ಹಿಂದಿನ ಬೆಂಚಿನಲ್ಲಿ ಕೂತವನಿಗೆ ಕಾಣಬೇಕಾದದ್ದು ನನಗೆ ಹೇಗೆ ಕಂಡಿತು? ಆ ಉದ್ದನೆಯ ಹುಡುಗ ಈಗ ಧಾರವಾಡದ ಪಕ್ಕದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸುಪರ್‌ವೈಜರ್. ಎರಡು ವರ್ಷದ ಹಿಂದೆ ಒಮ್ಮೆ ಅವನನ್ನು ಕೇಳಿದೆ. "ಅಕ್ಕಾರು ಹಂಗ ಅಂದಿಲ್ಲಲೇ. ಅಂದಾವ್ರು ನಾವು. ಅಕ್ಕಾರು ನಮಗ ಬೈದ್ರು. ಎಲ್ಲಾನೂ ಉಲ್ಟಾ ಮಾಡ್ಕೊಂಡಿ ನೋಡು" ಎಂದ. ಅವನನ್ನು ಪೊಳ್ಳು ಗಳ ಎಂದದ್ದೂ ಅವನಿಗೆ ನೆನಪಿರಲಿಲ್ಲ.

ಇಷ್ಟು ವರ್ಷ ನಾನು ಹೊತ್ತುಕೊಂಡು ತಿರುಗಿದ ಸಿಟ್ಟು ಸುಳ್ಳಿನ ಮೇಲೆ ನಿಂತಿದೆಯೇ? ಒಮ್ಮೆ ಅವರ ಬಾಯಿಂದಲೇ ಕೇಳಬೇಕೆನಿಸಿತು. ಅಂದದ್ದು ಹೌದು ಎನ್ನಬೇಕು, ಅಂದದ್ದು ತಪ್ಪು ಎಂದೂ ಅನ್ನಬೇಕು. ಅದಕ್ಕಾಗಿಯೇ ಒಂದು ಭಾನುವಾರ ಧಾರವಾಡದ ಅವರ ಮನೆಗೆ ಹೋದೆ.

ಬಾಗಿಲು ತೆರೆದವಳು ಅವರ ಮೊಮ್ಮಗಳು, ಹತ್ತನೆಯ ತರಗತಿಯ ಹುಡುಗಿ. ಅಕ್ಕಾರು ಮಂಚದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮೈ ಇಳಿದಿತ್ತು, ಕಣ್ಣು ಇಳಿದಿರಲಿಲ್ಲ.

"ಯಾರಪಾ? ಗುರುತು ಹತ್ತವಲ್ದು."

"ಅಕ್ಕಾರ, ನಾ ನಿಮ್ಮ ಕ... ಕ... ಕ..."

ಅವರು ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು. ಮುಖ ಅರಳಿತು. ಅಷ್ಟು ಸಂತೋಷದಿಂದ ನನ್ನನ್ನು ನನ್ನ ಮನೆಯವರೂ ಎಂದೂ ನೋಡಿಲ್ಲ.

"ಅನುಪ್ರಾಸ! ಅನುಪ್ರಾಸ ಅಲ್ಲೇನೋ ನೀ? ಏ, ಬಾರ ಇಲ್ಲೆ," ಎಂದು ಮೊಮ್ಮಗಳನ್ನು ಕರೆದರು. "ನಾ ಹೇಳತಿದ್ನಲ್ಲಾ, ಆ ಹುಡುಗ ಇಂವನ."

ನನಗೆ ಚಹಾ ಬಂತು. ಅಕ್ಕಾರು ಒಂದೇ ಸಮನೆ ಮಾತಾಡಿದರು. "ನಿನ್ನಿಂದ ಎಷ್ಟ ಮಕ್ಕಳು ಅನುಪ್ರಾಸ ಕಲತಾವು ಗೊತ್ತೈತೇನು? ರಿಟಾಯರ್ ಆಗೂಮಟಾ ವರ್ಷಾ ವರ್ಷಾ ನಿನ್ನ ಮಾಡಿ ತೋರಸ್ತಿದ್ದೆ. ಒಂದ ಹುಡುಗೂ ಪರೀಕ್ಷಾದಾಗ ಅದನ್ನ ಬಿಡಲಿಲ್ಲ." ಎಂದವರೇ ಮಾಡಿ ತೋರಿಸಿದರು. "ಕೆ... ಕೆ... ಕೆ..." ಗದ್ದ ಮೇಲೆದ್ದಿತು, ಎಡಗಣ್ಣು ಮುಚ್ಚಿತು, ಕೆಳತುಟಿ ಸೊಟ್ಟಗಾಯಿತು. ಉಗ್ಗುವಾಗ ನನ್ನ ಮುಖ ಹೇಗಾಗುತ್ತದೆಂದು ನಾನು ಕನ್ನಡಿಯಲ್ಲಿ ನೋಡಿಕೊಂಡಿರಲಿಲ್ಲ. ಅಂದು ಅವರ ಮುಖದಲ್ಲಿ ನೋಡಿದೆ. ನಾನು ಶಾಲೆ ಬಿಟ್ಟ ಮೇಲೂ ಆ ಮುಖ ವರ್ಷಕ್ಕೊಮ್ಮೆ ಅದೇ ಹಲಗೆಯ ಮುಂದೆ ನಿಂತಿತ್ತು. ಗುರುತಿಲ್ಲದ ಮಕ್ಕಳು ಅದಕ್ಕೆ ನಕ್ಕಿದ್ದರು.

"ಅಜ್ಜಿ, ಸಾಕು ಬಿಡು," ಎಂದಳು ಹುಡುಗಿ.

"ನೀ ಸುಮ್ನಿರು. ಮಾರ್ಚ್‌ದಾಗ ಪರೀಕ್ಷಾ ಐತಿ, ಖರೇ ಮನಿಶ್ಯಾನ ಬಂದಾನ." ನನ್ನ ಕಡೆ ತಿರುಗಿದರು. "ಒಂದ ಸಲ ಓದಿ ತೋರಸು ತಮ್ಮಾ. ಸಾಲು ನೆನಪೈತಿಲ್ಲೋ?"

ಏಕೆ ಒಪ್ಪಿದೆ, ತಿಳಿಯದು. ಅವರು ಹೇಳಿದರೆ ಎದ್ದು ನಿಲ್ಲುವ ಅಭ್ಯಾಸ ಮೈಯಲ್ಲಿ ಉಳಿದಿತ್ತೇನೋ. ನಿಂತೇ ಓದಿದೆ. ಕೆರೆಯ ಕೆಸರಿನಲಿ ಕೆಂಪು ಕಮಲವ ಕಂಡೆ. ಒಂದು ಅಕ್ಷರವೂ ಕಚ್ಚಿಕೊಳ್ಳಲಿಲ್ಲ. ಸಾಲು ಎಣ್ಣೆ ಸುರಿದ ಹಾಗೆ ಇಳಿದುಹೋಯಿತು.

ಅಕ್ಕಾರ ಮುಖ ಸಣ್ಣದಾಯಿತು.

"ಹಾಳಾತಲ್ಲೋ," ಎಂದರು. "ನೆಟ್ಟಗ ಓದಾಕ ಯಾರಾರ ಓದ್ತಾರ. ಅದಕ್ಕ ನೀ ಯಾಕ ಬೇಕು?"

ಮೊರ ಎಳೆದುಕೊಂಡು ಮತ್ತೆ ಅವರೆಕಾಯಿ ಸುಲಿಯತೊಡಗಿದರು. ನಾನು ಚಹಾ ಮುಗಿಸಿದೆ. ಹೊರಟಾಗ "ಹೂಂ, ಹೋಗಿ ಬಾ" ಎಂದರು. ಹೆಸರು ಕೇಳಲಿಲ್ಲ.

ಕೆಲವು ತಿಂಗಳಾದ ಮೇಲೆ ಸುಪರ್‌ವೈಜರ್ ಗೆಳೆಯ ಫೋನ್ ಮಾಡಿದ. "ಅಕ್ಕಾರು ಹೋದ್ರಲೇ." ನಾನು ಏನೂ ಅನ್ನಲಿಲ್ಲ. ಮಾತು ಸಿಕ್ಕಿಕೊಂಡಿತೆಂದು ಅವನು ಪಾಪ, ಕಾಯುತ್ತ ಕೂತ. ಸಿಕ್ಕಿಕೊಂಡಿರಲಿಲ್ಲ.

ಈಗ ನಾನು ಉಗ್ಗಿದರೆ ಯಾರೂ ನಗುವುದಿಲ್ಲ. ಎಲ್ಲರೂ ಮರ್ಯಾದಸ್ಥರು. ಮೊಬೈಲ್ ನೋಡುತ್ತಾರೆ, ಗಡಿಯಾರ ನೋಡುತ್ತಾರೆ. ಅವರ ಮೇಲೆ ನನಗೆ ಸಿಟ್ಟೂ ಬರುವುದಿಲ್ಲ. ಸಿಟ್ಟಾಗಬೇಕಾದವರು ಒಬ್ಬರೇ ಇದ್ದರು, ಅವರು ಹೋದರು. ಅವರು ಅಂದದ್ದು ನಿಜವೆಂದು ಗೊತ್ತಾಯಿತು, ಅದು ತಪ್ಪೆಂದು ಅವರ ಬಾಯಿಂದ ಅನ್ನಿಸುವುದು ಉಳಿದೇಹೋಯಿತು. ಅವರೆದುರು ನನ್ನ ಮಾತು ಒಮ್ಮೆ, ಒಮ್ಮೆ ಮಾತ್ರ, ತಡೆಯದೆ ಬಂದಿತ್ತು. ಅದನ್ನೂ ಅವರ ಸಾಲು ಓದುವುದಕ್ಕೇ ಖರ್ಚು ಮಾಡಿಬಿಟ್ಟೆ.