ಕ್ಷಮೆ ಕೇಳಿದ ಇಂಟರ್ನೆಟ್ ಕಂಪನಿ

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಈಮೇಲ್ ನೋಡುವುದು ನನ್ನ ಕೆಲಸವಾಗಿತ್ತು. ಒಂದು ಬೆಳಿಗ್ಗೆ ನಮ್ಮ ಇಂಟರ್ನೆಟ್ ಕಂಪನಿಯ ಹೆಸರಿನಲ್ಲಿ ಮೇಲ್ ಬಂತು: ಇಂದೇ ಪಾಸ್‌ವರ್ಡ್ ಕಳಿಸದಿದ್ದರೆ ನಿಮ್ಮ ಮೇಲ್ ಬಂದ್. ಪರವೂರಿನ ಆರ್ಡರುಗಳೆಲ್ಲ ಅದರಲ್ಲೇ ಬರುತ್ತಿದ್ದವು. ಗಾಬರಿಯಿಂದ ಪಾಸ್‌ವರ್ಡ್ ಟೈಪ್ ಮಾಡತೊಡಗಿದೆ.

“ಏನ್ ಬರದಾರವ್ವಾ?” ಎಂದರು ಅಂಗಡಿಯ ಸಾಹುಕಾರರು.

“ಪ್ರಿಯ ಗ್ರಾಹಕರೇ, ತೊಂದರೆಗಾಗಿ ಕ್ಷಮಿಸಿ ಅಂತ...”

“ತಡಿ, ತಡಿ. ಹೋದ ತಿಂಗಳ ಲೈನ್ ಕೆಟ್ಟಾಗ ಹತ್ತು ಸಲ ಫೋನ್ ಮಾಡಿದ್ರೂ ಹೂಂ ಅನ್ನದ ಮಂದಿ, ಈಗ ತಾವಾಗೇ ಕ್ಷಮಾ ಕೇಳ್ತಾರೇನು? ಹಳೇ ಮೆಣಸಿನಕಾಯಿಗೆ ಎಣ್ಣಿ ಹಚ್ಚಿ ಮಿಂಚಿಸಿದಂಗ ಐತಿ ಇದು. ಇಂಗ್ಲಿಷ್ ಸಾಲಿ ಕಲ್ತಾಕಿ, ಕಾಯಿ ಮುರದು ನೋಡೂವಂಗ ಇದನ್ನೂ ನೋಡಬಾರದೇನು? ಮದ್ಲ ಅವರಿಗೆ ಫೋನ್ ಹಚ್ಚು.”

ಅಂಜುತ್ತಲೇ ಕಂಪನಿಯ ಕಚೇರಿಗೆ ಫೋನ್ ಮಾಡಿದೆ. “ನಾವ್ಯಾಕ ನಿಮಗ ಮೇಲ್ ಕಳಸೋಣ್ರಿ? ನಮಗ ಬ್ಯಾರೆ ಕೆಲಸ ಇಲ್ಲೇನು?” ಎಂದು ಗದರಿ ಫೋನ್ ಇಟ್ಟುಬಿಟ್ಟರು.

ಬೈಸಿಕೊಂಡು ಅಷ್ಟು ನೆಮ್ಮದಿಯಾದದ್ದು ನನಗೆ ಅದೇ ಮೊದಲು.