ಒಂಬತ್ತು ಮನೆಗಳಲ್ಲಿ ಕಾಕಾ

ನಮ್ಮ ನಾಸಿಕದ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ನಾನು ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಇಂಟರ್ನೆಟ್ಟಿನಲ್ಲಿ ಎಲ್ಲಿಯೋ ಕಂಡದ್ದನ್ನು ಮಗಳು ಡ್ರಾಯಿಂಗ್ ಹಾಳೆಗೆ ಇಳಿಸಿ ಅಲ್ಲಿ ಅಂಟಿಸಿದ್ದಾಳೆ: ಒಟ್ಟು ಒಂಬತ್ತು ಮನೆ, ಎಡದಿಂದ ಬಲಕ್ಕೆ ನೇಮದವರು, ನಡುವಿನವರು, ಅಂಕೆಯಿಲ್ಲದವರು, ಮೇಲಿನಿಂದ ಕೆಳಕ್ಕೆ ಒಳ್ಳೆಯವರು, ನಡುವಿನವರು, ಕೆಟ್ಟವರು. ಮೊದಲು ಟಿ.ವಿ. ಧಾರಾವಾಹಿಯ ಪಾತ್ರಗಳನ್ನು ಕೂರಿಸಿದಳು. ಹುಬ್ಬೇರಿಸಿ, ಗುಡುಗಿನ ಹಿಮ್ಮೇಳದೊಂದಿಗೇ ಪ್ರವೇಶಿಸುವ ಅತ್ತೆಯ ವಿಷಯದಲ್ಲಿ ಯಾರಿಗೆ ತಾನೆ ಸಂದೇಹ? ಪಾತ್ರಗಳು ಮುಗಿದ ಮೇಲೆ ಬಂಧುಬಳಗಕ್ಕೆ ಕೈ ಹಾಕಿದಳು. ಬ್ಯಾಂಕು ವರ್ಗ ಮಾಡಿದ ಊರಿಗೆಲ್ಲ ಚಕಾರವೆತ್ತದೆ ಹೋದ ನನಗೆ ನಟ್ಟನಡುವಿನ ಮನೆ ಮಂಜೂರಾಯಿತು. ಹೆಂಡತಿ ನಕ್ಕ ರೀತಿ ನೋಡಿದರೆ ಮೇಲ್ಮನವಿಗೆ ಅವಕಾಶವಿರಲಿಲ್ಲ.

ಮೇಲಿನ ಎಡಮೂಲೆ, ನೇಮವೂ ಒಳ್ಳೆಯತನವೂ ಕೂಡಿದ ಪರಮಪದ, ಬೀದರದ ನನ್ನ ಕಾಕಾನ ಪಾಲಾಯಿತು. ತ್ರ್ಯಂಬಕೇಶ್ವರದ ಮಗ್ಗುಲಲ್ಲಿ ಬಾಡಿಗೆ ಮನೆ ಹಿಡಿದ ನನಗೆ ನೆಂಟರ ಬರವಿಲ್ಲ: ಊರ ಕಡೆ ಯಾರಿಗೆ ಪಿತೃದೋಷ ಕಾಣಿಸಿಕೊಂಡರೂ ಪರಿಹಾರ ತ್ರ್ಯಂಬಕದಲ್ಲಿ, ಪಡಸಾಲೆ ನಮ್ಮದು. ಹಾಗೆ ಬಂದವರಲ್ಲಿ ಹಾಸಿಗೆ ತಾವೇ ಮಡಚಿ, ತಾಟು ತಾವೇ ತೊಳೆದು, ನನ್ನ ಮಗಳಿಗೆ ಮರೆಯದೆ ಶೇಂಗಾ ಹೋಳಿಗೆ ತರುವವರು ಕಾಕಾ ಒಬ್ಬರೇ.

ಅವರ ಮಗಳು ಶಾರದಾ ಜಾತಿಯಾಚೆ ಮದುವೆಯಾಗಿ, ವಾಳೂಜಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ ಮಾಡುವ ಗಂಡನೊಡನೆ ಔರಂಗಾಬಾದಿನಲ್ಲಿದ್ದಾಳೆ. ತವರಿನ ಬಾಗಿಲು ಅಂದೇ ಮುಚ್ಚಿತ್ತು. ಕಾಕಾ ಪಿತೃದೋಷದ ಪೂಜೆಗೆ ಬರುವ ಸುದ್ದಿ ತಿಳಿದು ನನಗೆ ಫೋನ್ ಮಾಡಿದಳು: “ಅಣ್ಣಾ, ಅಪ್ಪನ ಮನಸ್ಸು ಮೆತ್ತಗಾಗಿದ್ರ ಹೇಳು, ಬಸ್ ಹತ್ತಿ ಬಂದಬಿಡ್ತೀನಿ.” ನನಗೂ ಆಸೆಯಿತ್ತು. ಅಂಥ ಒಳ್ಳೆಯ ಮನುಷ್ಯ ಎಷ್ಟು ದಿನ ಮುನಿದಾರು?

ತ್ರ್ಯಂಬಕದಲ್ಲಿ ಪುರೋಹಿತರು ಗತಿಸಿದವರ ಹೆಸರು ಕೇಳಿದರು. ಕಾಕಾ ತಂದೆಯ, ತಾಯಿಯ, ಅಣ್ಣನಾದ ನನ್ನ ಅಪ್ಪನ ಹೆಸರು ಹೇಳಿ, ಕೊನೆಗೆ ಶಾರದಾ ಎಂದರು. ಅವಳು ಬದುಕಿರುವುದು ಪುರೋಹಿತರಿಗೇನು ಗೊತ್ತು? ಲಗ್ನವಾಗಿತ್ತೇ ಎಂದು ವಿಚಾರಿಸಿದರು.

“ಇಲ್ರಿ, ಕನ್ಯಾ” ಅಂದರು ಕಾಕಾ.

“ಕಾಕಾ, ಆಕಿ ಇದ್ದಾಳ್ರಿ!” ಎಂದೆ.

“ಕಾರ್ಯ ನಡದದ. ಸುಮ್ನಿರಪಾ.”

ಅವರ ಕಣ್ಣಲ್ಲಿ ನೀರು ಹರಿಯುತ್ತಿತ್ತು. ಪಿಂಡವನ್ನು ಮಾತ್ರ ಪುರೋಹಿತರು ತೋರಿಸಿದ ಜಾಗದಲ್ಲೇ ಇಟ್ಟರು.

ಸಂಜೆ ಶಾರದಾಳ ಫೋನು ಬಂತು. ಈಗ ಬರಬೇಡವ್ವಾ ಎಂದಷ್ಟೇ ಹೇಳಿದೆ. “ಅಪ್ಪ ಊಟ ಮಾಡ್ಯಾರಲ್ಲ?” ಎಂದು ಕೇಳಿ ಇಟ್ಟಳು. ತಿರುಗಿದರೆ ಕಾಕಾ ಬಾಗಿಲಲ್ಲಿ ನಿಂತಿದ್ದರು.

“ಆರಾಮ ಇದ್ದಾಳಂತೇನು?”

ಹೌದೆಂದೆ. ತಲೆಯಾಡಿಸಿ, ಟವೆಲು ತೆಗೆದುಕೊಂಡು, ಸಾವಿನ ಸುದ್ದಿ ಕೇಳಿದವರು ಮಾಡುವಂತೆ ಸ್ನಾನಕ್ಕೆ ಹೋದರು.

ಕೆಟ್ಟವರು ಕೆಟ್ಟದ್ದನ್ನು ಮಾಡಿದರೆ ಜಗಳವನ್ನಾದರೂ ಆಡಬಹುದು, ಓದುಗ ಮಿತ್ರರೇ. ಮಗಳ ಕ್ಷೇಮ ವಿಚಾರಿಸಿ ಅವಳ ಸೂತಕ ತೊಳೆದುಕೊಳ್ಳುವ ಈ ಸಜ್ಜನರೊಡನೆ ಏನೆಂದು ಜಗಳವಾಡುವುದು? ಅವರ ನೇಮವೂ ನಿಜ, ವಾತ್ಸಲ್ಯವೂ ನಿಜ. ಎರಡಕ್ಕೂ ಒಂದೇ ಎದೆಯಲ್ಲಿ ಜಾಗವಿದೆ, ಶಾರದಾಳಿಗಿಲ್ಲ. ನನಗಿದ್ದ ಆಸೆ ಅಂದು ಹೋಯಿತು, ಮತ್ತೆ ಹುಟ್ಟಲಿಲ್ಲ.

ನಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದ ನನ್ನ ಮಗಳು ರಬ್ಬರು ಹಿಡಿದು ಫ್ರಿಜ್ಜಿನೆದುರು ನಿಂತಿದ್ದಳು. ಕನ್ನಡವೆಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮರಾಠಿ. “ಪಪ್ಪಾ, ಅಜ್ಜ ಚಾಂಗಲೇ ಆಹೇತ್ ನಾ?” ಎಂದಳು. ಅಜ್ಜ ಒಳ್ಳೆಯವರು ತಾನೆ? ಬಚ್ಚಲಿನಿಂದ ನೀರು ಸುರಿದುಕೊಳ್ಳುವ ಸದ್ದು ಬರುತ್ತಲೇ ಇತ್ತು. ಹೌದು ಎಂದೆ, ಅದು ಸುಳ್ಳಲ್ಲ, ನನ್ನ ಸಂಕಟವೇ ಅದು.

ಅವಳು ಅಳಿಸಲಿಲ್ಲ. ಕಾಕಾ ಈಗಲೂ ಮೇಲಿನ ಎಡಮೂಲೆಯಲ್ಲಿದ್ದಾರೆ, ನಾನು ನಟ್ಟನಡುವೆ ಇದ್ದೇನೆ. ಒಂಬತ್ತು ಮನೆಗಳಲ್ಲಿ ಎಲ್ಲಿಯೂ ಶಾರದಾಳ ಹೆಸರಿಲ್ಲವೆಂಬುದು ಆಗ ಕಣ್ಣಿಗೆ ಬಿತ್ತು. ಮಗಳ ತಪ್ಪಲ್ಲ, ಅವಳು ತನ್ನ ಈ ಸೋದರತ್ತೆಯನ್ನು ನೋಡಿಯೇ ಇರಲಿಲ್ಲ.